ಕಿತ್ತೂರಿಗೆ 437 ಫಿರಂಗಿ ಬಂದಿದ್ದವೇ? ಆಟಿಕೆ ಸೈನ್ಯ ಇಟ್ಟು ಲೆಕ್ಕ ಹಾಕೋಣ

ಅಕ್ಟೋಬರ್ 23 ಹತ್ತಿರ ಬಂತೆಂದರೆ ಬೆಳಗಾವಿ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಿತ್ತೂರು ಚನ್ನಮ್ಮನ ಚಿತ್ರ ಓಡಾಡತೊಡಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಗುಂಪುಗಳೂ ಇದಕ್ಕೆ ಹೊರತಲ್ಲ. ಚಿತ್ರದ ಕೆಳಗೆ ಹಲವು ಸಲ ಒಂದು ಅಂಕಿಯೂ ಇರುತ್ತದೆ: ಬ್ರಿಟಿಷರು 20,797 ಸೈನಿಕರು ಮತ್ತು 437 ಫಿರಂಗಿಗಳೊಂದಿಗೆ ಕಿತ್ತೂರಿನ ಮೇಲೆ ಬಂದರು. ಫಾರ್ವರ್ಡ್‌ಗಳಲ್ಲಿ ಮಾತ್ರವಲ್ಲ, ಜಾಲತಾಣಗಳಲ್ಲೂ ಈ ಅಂಕಿ ಹಲವೆಡೆ ಕಾಣುತ್ತದೆ.

ಹೆಮ್ಮೆಯ ಸಂದೇಶ, ಹಾಗಾಗಿ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಇಂಥ ಅಂಕಿ ನಂಬಬಹುದೋ ಇಲ್ಲವೋ ಎಂದು ತಿಳಿಯಲು ಹಳೆಯ ದಫ್ತರ ತೆಗೆಯಲೇಬೇಕೆಂದಿಲ್ಲ. ಒಂದು ಟೇಬಲ್, ಒಂದು ಅಳತೆಪಟ್ಟಿ, ಒಂದು ಹಿಡಿ ಹುರುಳಿಕಾಳು ಇದ್ದರೆ ಸಾಕು. ಪ್ರಪಂಚದ ಹಲವೆಡೆ ಜನ ಸ್ನೇಹಿತರ ಜತೆ ಕೂತು ಪುಟಾಣಿ ಸೈನ್ಯ ಕಟ್ಟಿ ಹಳೆಯ ಯುದ್ಧಗಳನ್ನು ಮತ್ತೆ ಆಡುತ್ತಾರೆ. ಆ ಆಟದ ಕ್ರಮವನ್ನೇ ಇಲ್ಲಿ ಬಳಸೋಣ.

ಏನಿದು ಆಟ?

ಟೇಬಲ್ ಮೇಲೆ ರಣರಂಗದ ಮಾದರಿ ಮಾಡುತ್ತಾರೆ. ಗುಡ್ಡ, ಹೊಳೆ, ಕೋಟೆ, ದಾರಿ ಎಲ್ಲವೂ ಅಳತೆಗೆ ತಕ್ಕಂತೆ ಇರುತ್ತವೆ. ಉದಾಹರಣೆಗೆ ಟೇಬಲ್ಲಿನ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 10 ಮೀಟರ್. ಒಂದೊಂದು ಗೊಂಬೆ 20 ಅಥವಾ 50 ಸೈನಿಕರಿಗೆ ಸಮ. ಕಾಲಾಳು ಒಂದು ಸರದಿಯಲ್ಲಿ ಇಷ್ಟು ದೂರ ಮಾತ್ರ ಸಾಗಬೇಕು, ಕುದುರೆ ಇಷ್ಟು, ಫಿರಂಗಿ ಇಷ್ಟು ಎಂದು ನಿಯಮ ಇರುತ್ತದೆ. ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಜಗಳವಾದರೆ ತೀರ್ಪು ಕೊಡಲು ಒಬ್ಬ ಪಂಚ.

ಇದು ಬರೀ ಹುಡುಗರಾಟ ಅಲ್ಲ. ಪ್ರಷ್ಯಾದ ಸೇನಾಧಿಕಾರಿ ಫಾನ್ ರೈಸ್‌ವಿಟ್ಜ್ ತನ್ನ ತಂದೆ ಶುರು ಮಾಡಿದ್ದ ಯುದ್ಧದಾಟವನ್ನು ತಿದ್ದಿ 1824ರಲ್ಲಿ ನಿಯಮಗಳ ಪುಸ್ತಕ ಪ್ರಕಟಿಸಿದ. 1:8000 ಅಳತೆಯ ನಕ್ಷೆ, ದಾಳ, ನಡುವೆ ಒಬ್ಬ ಪಂಚ, ಒಂದೊಂದು ಸರದಿ ಎಂದರೆ ಎರಡು ನಿಮಿಷ. ಪ್ರಷ್ಯಾದ ಸೇನೆ ಇದನ್ನು ಅಧಿಕಾರಿಗಳ ತರಬೇತಿಗೆ ತೆಗೆದುಕೊಂಡಿತು. ಕಿತ್ತೂರಿನ ಕಾಳಗ ನಡೆದದ್ದೂ ಅದೇ 1824ರಲ್ಲಿ. ಮನೆಯೊಳಗೆ ಆಡುವವರಿಗಾಗಿ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದ ಮೇಲೆ ಆಟ ಸಾಮಾನ್ಯರ ಮನೆಗೂ ಬಂತು.

ಹೊರಗಿನವರ ಆಟವೇ?

ಬೇರು ಹಿಡಿದು ಹೋದರೆ ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತೇವೆ. ರೈಸ್‌ವಿಟ್ಜ್ ಕುಟುಂಬಕ್ಕಿಂತ ಮೊದಲು, 1780ರಲ್ಲಿ, ಹೆಲ್ವಿಗ್ ಎಂಬ ಜರ್ಮನ್ ಗಣಿತಜ್ಞ ಚೆಸ್ ಹಾಸನ್ನೇ ದೊಡ್ಡದು ಮಾಡಿ ಯುದ್ಧದಾಟ ಕಟ್ಟಿದ್ದ. ಚೆಸ್‌ನ ಮೂಲ ಭಾರತದ ಚತುರಂಗ. ಹೆಸರೇ ಹೇಳುವಂತೆ ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯ ಅದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೇ ಶತಮಾನದಲ್ಲೇ, ಚತುರಂಗದ ವರ್ಣನೆ ಇದೆ.

ಇನ್ನು ಪುಟಾಣಿ ಸೈನ್ಯ ಕಟ್ಟುವುದು. ದೀಪಾವಳಿ ಬಂದರೆ ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಓಣಿಯ ಹುಡುಗರು ಮಣ್ಣು, ಕಲ್ಲು, ಗೋಣಿಚೀಲ ಸೇರಿಸಿ ಕಿಲ್ಲಾ ಕಟ್ಟುತ್ತಾರೆ. ಅದರ ಮೇಲೆ ಸಾಸಿವೆ ಚೆಲ್ಲಿ ಹಸಿರು ಬರಿಸುತ್ತಾರೆ, ಬುರುಜುಗಳ ಮೇಲೆ ಮಣ್ಣಿನ ಸೈನಿಕರನ್ನು ನಿಲ್ಲಿಸುತ್ತಾರೆ. ಗೋಕಾಕದಲ್ಲಿ ಹಗುರ ಮರ ಕೆತ್ತಿ, ಬಣ್ಣ ಹಚ್ಚಿ ಗೊಂಬೆ ಮಾಡುವ ಕಸುಬು ಹಳೆಯದು. ನಿಜವಾದದ್ದೇ ಅನ್ನಿಸುವ ಗೋಕಾಕದ ಕಟ್ಟಿಗೆ ಹಣ್ಣು, ತರಕಾರಿಗಳನ್ನು ನೋಡದವರು ಈ ಭಾಗದಲ್ಲಿ ಕಡಿಮೆ. ಕೋಟೆ ಕಟ್ಟುವ ಕೈ, ಗೊಂಬೆ ಮಾಡುವ ಕೈ ಎರಡೂ ನಮ್ಮಲ್ಲೇ ಇವೆ. ಇದಕ್ಕೆ ಅಳತೆ, ಲೆಕ್ಕ ಸೇರಿದರೆ ಅದೇ ಯುದ್ಧದಾಟ.

437 ಫಿರಂಗಿಗಳನ್ನು ಟೇಬಲ್ ಮೇಲೆ ಇಡೋಣ

ಈಗ ಫಾರ್ವರ್ಡ್‌ಗೆ ಬರೋಣ. ಮೊದಲ ಅನುಮಾನ ಸಂದೇಶದ ಒಳಗೇ ಇದೆ. ಈ ಅಂಕಿಯ ಜತೆಗೆ ‘ಮುಖ್ಯವಾಗಿ ಮದ್ರಾಸ್ ನೇಟಿವ್ ಹಾರ್ಸ್ ಆರ್ಟಿಲರಿಯ ಮೂರನೇ ಟ್ರೂಪ್’ ಎಂಬ ಮಾತು ಬರುತ್ತದೆ. ಹಾರ್ಸ್ ಆರ್ಟಿಲರಿ ಎಂದರೆ ಕುದುರೆಗಳು ಎಳೆಯುವ ಹಗುರ ಫಿರಂಗಿಗಳ ಪಡೆ. ಅಂಥ ಒಂದು ಟ್ರೂಪ್‌ನಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಆರು ಫಿರಂಗಿ. ಆರಕ್ಕೂ 437ಕ್ಕೂ ಎಲ್ಲಿಯ ಹೋಲಿಕೆ?

ಸರಿ, 437 ಇದ್ದವು ಎಂದೇ ಇಟ್ಟುಕೊಳ್ಳೋಣ. ಒಂದು ಫಿರಂಗಿ ಎಳೆಯಲು ಆರು ಕುದುರೆ. 437ಕ್ಕೆ 2,622 ಕುದುರೆ ಬೇಕು. ಇದು ಫಿರಂಗಿ ಎಳೆಯಲು ಮಾತ್ರ, ಮದ್ದುಗುಂಡಿನ ಬಂಡಿಗಳ ಲೆಕ್ಕ ಬೇರೆ. ಒಂದು ಕುದುರೆ ದಿನಕ್ಕೆ 30 ಲೀಟರ್ ನೀರು ಕುಡಿಯುತ್ತದೆ ಎಂದರೂ ದಿನವೊಂದಕ್ಕೆ ಸುಮಾರು 79,000 ಲೀಟರ್ ನೀರಾಯಿತು. ಇಂದಿನ 5,000 ಲೀಟರ್ ಟ್ಯಾಂಕರ್‌ಗಳಲ್ಲಿ ತಂದರೆ ಹದಿನಾರು ಟ್ಯಾಂಕರ್. ಕುದುರೆಗಳಿಗಷ್ಟೇ.

ಇನ್ನು ದಾರಿ. ಕುದುರೆಗಳ ಸಮೇತ ಒಂದು ಫಿರಂಗಿಗೆ ದಾರಿಯಲ್ಲಿ ಕನಿಷ್ಠ 20 ಮೀಟರ್ ಬೇಕು. ಒಂದರ ಹಿಂದೆ ಒಂದು 437 ಫಿರಂಗಿ ನಿಂತರೆ ಸಾಲಿನ ಉದ್ದ 8.7 ಕಿಲೋಮೀಟರ್. 20,797 ಸೈನಿಕರನ್ನು ನಾಲ್ಕು ನಾಲ್ಕು ಜನರ ಸಾಲಿನಲ್ಲಿ, ಸಾಲು ಸಾಲಿಗೆ ಒಂದೂವರೆ ಮೀಟರ್ ಅಂತರ ಬಿಟ್ಟು ನಡೆಸಿದರೆ ಇನ್ನೂ 7.8 ಕಿಲೋಮೀಟರ್. ಎರಡೂ ಸೇರಿ ಹದಿನಾರು ಕಿಲೋಮೀಟರ್ ದಾಟುತ್ತದೆ. ಧಾರವಾಡದಿಂದ ಕಿತ್ತೂರಿಗೆ ಇರುವುದೇ ಸುಮಾರು 30 ಕಿಲೋಮೀಟರ್. ಅಂದರೆ ಸೈನ್ಯದ ತಲೆ ಅರ್ಧ ದಾರಿ ಮುಗಿಸಿದರೂ ಬಾಲ ಇನ್ನೂ ಧಾರವಾಡದಲ್ಲೇ ಇರುತ್ತದೆ!

ಟೇಬಲ್ಲಿನ ಮೇಲೆ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಒಂದು ಸೆಂಟಿಮೀಟರ್‌ಗೆ 10 ಮೀಟರ್ ಅಳತೆ ಇಟ್ಟರೆ ಫಿರಂಗಿಗಳ ಸಾಲೇ ಎಂಟೂಮುಕ್ಕಾಲು ಮೀಟರ್. ಟೇಬಲ್ ದಾಟಿ, ಕೋಣೆ ದಾಟಿ, ಬಾಗಿಲಿನಿಂದ ಪಡಸಾಲೆಗೆ ಹೋಗುತ್ತದೆ. ಕಾಳು ಜೋಡಿಸುತ್ತಿರುವ ಹತ್ತು ವರ್ಷದ ಹುಡುಗಿಯೂ ‘ಇದು ಆಗೋದಲ್ಲ’ ಎಂದುಬಿಡುತ್ತಾಳೆ. ಓದುವಾಗ ಕಣ್ಣಿಗೆ ಬೀಳದ ತಪ್ಪು ಜೋಡಿಸುವಾಗ ಕೈಗೆ ಸಿಗುತ್ತದೆ.

ಹಾಗಾದರೆ ಚನ್ನಮ್ಮನ ಗೆಲುವು ಸಣ್ಣದಾಯಿತೇ?

ಇಲ್ಲ. ದಾಖಲೆಯಲ್ಲಿ ಇರುವುದೇ ಸಾಕಷ್ಟು ದೊಡ್ಡದು. ಕಿತ್ತೂರಿನ ದೊರೆ 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ದತ್ತು ಮಗನನ್ನು ಒಪ್ಪಲು ಕಂಪನಿ ಸಿದ್ಧವಿರಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರ್‌ನಲ್ಲಿ ಕಂಪನಿ ಇನ್ನೂ ದೊಡ್ಡ ಸೈನ್ಯ ತಂದ ಮೇಲೆಯೇ ಕೋಟೆ ಬಿದ್ದದ್ದು. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದರು.

ಇದರಲ್ಲಿ ಒಂದು ಅಕ್ಷರಕ್ಕೂ 437ರ ಹಂಗು ಬೇಕಿಲ್ಲ. ಬದಲಿಗೆ ಅಪಾಯ ಬೇರೆಯೇ ಇದೆ. ಇಂದು ಹೆಮ್ಮೆಯಿಂದ ಸುಳ್ಳು ಅಂಕಿ ಹಂಚಿದರೆ ನಾಳೆ ಯಾರಾದರೂ ಅದನ್ನು ತೋರಿಸಿ ಇಡೀ ಕಥೆಯೇ ಕಟ್ಟುಕಥೆ ಎನ್ನಬಹುದು. ನಿಜವಾದ ಗೆಲುವಿಗೆ ಸುಳ್ಳಿನ ಊರುಗೋಲು ಕೊಟ್ಟರೆ ಗೆಲುವೇ ಕುಂಟಿದಂತೆ ಕಾಣುತ್ತದೆ.

ಗೋಕಾಕದಿಂದ ಹುಕ್ಕೇರಿಗೆ ಸೈನ್ಯ ನಡೆಸಿ ನೋಡಿ

ಬೇರೆ ಯುದ್ಧಗಳ ಫಾರ್ವರ್ಡ್‌ಗಳಿಗೂ ಇದೇ ಪರೀಕ್ಷೆ ನಡೆಯುತ್ತದೆ. ನಿಮ್ಮದೇ ಊರಿನ ನಕ್ಷೆ ಇಟ್ಟುಕೊಳ್ಳಿ. ಗೋಕಾಕದಿಂದ ಹುಕ್ಕೇರಿಗೋ ಮೂಡಲಗಿಗೋ ಹೋಗುವುದು ಇಂದು ಬಸ್ಸಿನಲ್ಲಿ ಸಣ್ಣ ಪ್ರಯಾಣ. ಬಂಡಿ, ಎತ್ತು, ಫಿರಂಗಿ ಇರುವ ಹಳೆಯ ಸೈನ್ಯ ದಿನಕ್ಕೆ ಸಾಗುತ್ತಿದ್ದದ್ದು ಹೆಚ್ಚೆಂದರೆ 15ರಿಂದ 20 ಕಿಲೋಮೀಟರ್. ಹಾಗಾಗಿ ಅದಕ್ಕೆ ಇದು ಎರಡು ದಿನದ ದಾರಿ. ನಡುವೆ ಘಟಪ್ರಭಾ ಅಡ್ಡ. ಹೊಳೆ ತುಂಬಿದಾಗ ಲೋಳಸೂರ ಸೇತುವೆ ಮುಳುಗಿ ವಾಹನಗಳೇ ನಿಂತದ್ದನ್ನು ನಾವು ಈಚಿನ ವರ್ಷಗಳಲ್ಲಿ ಕಂಡಿದ್ದೇವೆ. ಸೇತುವೆಯೇ ಇಲ್ಲದ ಕಾಲದಲ್ಲಿ ಆಷಾಢ, ಶ್ರಾವಣದಲ್ಲಿ ಫಿರಂಗಿ ದಾಟಿಸುವವರಾರು? ಮಳೆಗಾಲ ಮುಗಿದು ವಿಜಯದಶಮಿಗೆ ಸೀಮೋಲ್ಲಂಘನ ಮಾಡಿ ದಂಡು ಹೊರಡುವ ಪದ್ಧತಿಯ ಹಿಂದೆ ಈ ಲೆಕ್ಕವೂ ಇದೆ. ತುಂಬು ಮಳೆಗಾಲದಲ್ಲಿ ದೊಡ್ಡ ಸೈನ್ಯ ರಾತ್ರೋರಾತ್ರಿ ಹೊಳೆ ದಾಟಿ ಬಂತು ಎಂದು ಯಾರಾದರೂ ಬರೆದರೆ ಅಲ್ಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಿ.

ಹೊಟ್ಟೆಯ ಲೆಕ್ಕ ಇನ್ನೊಂದು. ಒಬ್ಬನಿಗೆ ದಿನಕ್ಕೆ ಒಂದು ಕಿಲೋ ಧಾನ್ಯ ಎಂದರೆ 10,000 ಜನರಿಗೆ 10 ಟನ್. ಒಂದು ಎತ್ತು ಸುಮಾರು 100 ಕಿಲೋ ಹೊರುತ್ತದೆ. ಒಂದು ದಿನದ ಊಟಕ್ಕೆ 100 ಎತ್ತು, ಹತ್ತು ದಿನಕ್ಕೆ 1,000. ದಖ್ಖನ್ನಿನ ಯುದ್ಧಗಳಲ್ಲಿ ಸಾವಿರಾರು ಎತ್ತುಗಳ ಮೇಲೆ ಧಾನ್ಯ ಸಾಗಿಸಿದವರು ಲಂಬಾಣಿಗರು. ಫಾರ್ವರ್ಡ್‌ಗಳಲ್ಲಿ ಇವರ ಹೆಸರು ಕಾಣುವುದೇ ಇಲ್ಲ. ಅಳತೆ ಹಿಡಿದು ಆಡುವವನಿಗೆ ಮಾತ್ರ, ಇವರಿಲ್ಲದೆ ಯಾವ ದೊರೆಯ ದಂಡೂ ಹತ್ತು ಹರದಾರಿ ದಾಟದು ಎಂದು ಗೊತ್ತಾಗುತ್ತದೆ.

ಆಟ ಏನನ್ನು ಹೇಳಲಾರದು?

ಇಲ್ಲಿ ನಾವೂ ಎಚ್ಚರ ತಪ್ಪಬಾರದು. ನಿಯಮ ಬರೆದವನು ಮನುಷ್ಯ. ಧೈರ್ಯಕ್ಕೆ ಎಷ್ಟು ಅಂಕ, ಹೆದರಿಕೆಗೆ ಎಷ್ಟು ಎಂಬುದು ಅವನ ಅಂದಾಜು. ದಾಳ ಇನ್ನೊಮ್ಮೆ ಉರುಳಿದರೆ ಗೆದ್ದವನು ಸೋಲಬಹುದು. ಆದ್ದರಿಂದ ಟೇಬಲ್ ಮೇಲೆ ಹೀಗಾಯಿತು, ಚರಿತ್ರೆಯಲ್ಲೂ ಹೀಗೇ ಆಗಿರಬೇಕು ಎನ್ನುವುದು ಇನ್ನೊಂದು ಸುಳ್ಳಿಗೆ ದಾರಿ. ನಡೆದದ್ದನ್ನು ಹೇಳಬೇಕಾದದ್ದು ದಾಖಲೆ, ಶಾಸನ, ಅಂದಿನವರ ಪತ್ರಗಳು. ನಡೆಯಲು ಸಾಧ್ಯವೇ ಇಲ್ಲದ್ದನ್ನು ಬೇರ್ಪಡಿಸಿ ಕೊಡುವುದಷ್ಟೇ ಆಟದ ಕೆಲಸ. ಅಕ್ಕಿ ಆರಿಸುವ ಮೊರ ಇದ್ದಂತೆ: ಕಲ್ಲು ತೆಗೆಯುತ್ತದೆ, ಅನ್ನ ಮಾಡುವುದಿಲ್ಲ.

ಇನ್ನೊಂದು ಲಾಭವೂ ಇದೆ. ಆಟಕ್ಕೆ ಎರಡು ಪಕ್ಷ ಬೇಕೇ ಬೇಕು. ಇಂದು ಚನ್ನಮ್ಮನ ಕಡೆ ಆಡಿದವನು ನಾಳೆ ಕಂಪನಿಯ ಕಡೆ ಕೂರಬೇಕು. ಅಲ್ಲಿ ಕೂತಾಗ ಆ ಕಡೆಯ ಸಿಪಾಯಿಗಳಲ್ಲಿ ಬಹಳ ಮಂದಿ ಇದೇ ದೇಶದವರು ಎಂಬುದೂ ಗಮನಕ್ಕೆ ಬರುತ್ತದೆ. ಒಂದು ಜಾತಿ, ಒಂದು ಧರ್ಮ, ಒಂದು ಭಾಷೆಯನ್ನು ಪೂರ್ತಿ ದುಷ್ಟರನ್ನಾಗಿ ಮಾಡುವ ಯುದ್ಧದ ಫಾರ್ವರ್ಡ್‌ಗಳು ನಮ್ಮ ಗಡಿ ಭಾಗದಲ್ಲಿ ಓಣಿಗಳ ನಡುವೆ ಮನಸ್ತಾಪ ತಂದಿಡುತ್ತವೆ. ಎದುರಿನ ಕುರ್ಚಿಯಲ್ಲಿ ಒಮ್ಮೆ ಕೂತವನಿಗೆ ಅಂಥ ಸಂದೇಶ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯದು.

ಆಡುವುದಾದರೆ ಇದಿಷ್ಟು ಗಮನಿಸಿ

ದುಬಾರಿ ಗೊಂಬೆಗಳೇನೂ ಬೇಡ. ಕಾಲಾಳಿಗೆ ಹುರುಳಿ, ಕುದುರೆಗೆ ಅವರೆಕಾಳು, ಫಿರಂಗಿಗೆ ಬೆಂಕಿಕಡ್ಡಿ ತುಂಡು, ಕೋಟೆಗೆ ಹೊಲದ ಮಣ್ಣು ಸಾಕು. ಹಳೆಯ ಲೋಹದ ಸೈನಿಕರು ಸಿಕ್ಕರೆ ಮಕ್ಕಳ ಕೈಗೆ ಕೊಡಬೇಡಿ. ಹಿಂದೆ ಅವನ್ನು ಸೀಸದಲ್ಲಿ ಎರಕ ಹೊಯ್ಯುತ್ತಿದ್ದರು, ಬಣ್ಣದಲ್ಲೂ ಸೀಸ ಇರುತ್ತಿತ್ತು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕುತ್ತು ತರುತ್ತದೆ, ಅದಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಗೊಂಬೆಗೆ ನೀವೇ ಬಣ್ಣ ಹಚ್ಚುವುದಾದರೆ ಡಬ್ಬಿಯ ಮೇಲೆ ಸೀಸರಹಿತ ಎಂದು ಇದೆಯೇ ನೋಡಿ. ಅಂಗಡಿಯ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ಅದು ಕಡ್ಡಾಯ, ನೋಂದಾಯಿತ ಕರಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಗೋಕಾಕದ ಕುಶಲಕರ್ಮಿಗಳಿಂದ ಕೊಳ್ಳುವಾಗ ಯಾವ ಬಣ್ಣ ಹಚ್ಚಿದ್ದೀರಿ ಎಂದು ಕೇಳಿದರೆ ತಪ್ಪೇನಿಲ್ಲ.

ಮುಂದಿನ ಸಲ ಯಾವುದಾದರೂ ಯುದ್ಧದ ಸಂದೇಶ ಬಂದಾಗ ಹಂಚುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇಷ್ಟು ಜನ ಯಾವ ದಾರಿಯಲ್ಲಿ ಬಂದರು? ಎಷ್ಟು ದಿನ ನಡೆದರು? ಏನು ತಿಂದರು? ಎಲ್ಲಿ ನೀರು ಕುಡಿದರು? ಉತ್ತರ ಹೊಳೆಯದಿದ್ದರೆ ಒಂದು ಹಿಡಿ ಹುರುಳಿ ತೆಗೆದುಕೊಂಡು ಮಕ್ಕಳನ್ನು ಕರೆದು ಟೇಬಲ್ ಮುಂದೆ ಕೂರಿ. ಸಂದೇಶ ನಿಜವಾದರೆ ಸಂತೋಷದಿಂದ ಹಂಚಬಹುದು. ಸುಳ್ಳಾದರೆ, ಕಳಿಸಿದ ಕಾಕಾನಿಗೆ ಈ ಲೆಕ್ಕವನ್ನು ಮೆಲ್ಲಗೆ ತಿಳಿಸಿ.