ಊಟದ ಮೇಜಿಗೆ ಪ್ಲಾಸ್ಟಿಕ್ ಹಾಸುವುದು ಬೇಡ

ಈ ಸಲದ ಗೋಡೆ ಪತ್ರಿಕೆಗೆ ನಾನು ಚರ್ಚಿನ ಹಬ್ಬದ ಊಟಕ್ಕೆ ಮೇಜು ಶೃಂಗಾರ ಮಾಡುವ ಬಗ್ಗೆ ಬರೆಯುತ್ತಿದ್ದೇನೆ. ಇದೆಂತ ವಿಷಯ ಅಂತ ನಗಬೇಡಿ. ಪೂರ್ತಿ ಓದಿ.

ನಮ್ಮ ಚರ್ಚಿನಲ್ಲಿ ಜನವರಿಯಲ್ಲಿ ವಾರ್ಷಿಕ ಹಬ್ಬ. ಪೂಜೆ ಆದ ಮೇಲೆ ಎಲ್ಲರಿಗೂ ಊಟ. ಹಿಂದಿನ ದಿನ ಮೇಜು ಜೋಡಿಸಲಿಕ್ಕೆ ಕಳೆದ ಸಲ ನಾನೂ ಹೋಗಿದ್ದೆ. ಫಾದರ್‌ಗಳು, ಅತಿಥಿಗಳು ಕೂರುವ ಮೇಜಿಗೆ ಬಿಳಿ ಬಟ್ಟೆ, ನೀಲಿ ರಿಬ್ಬನ್, ಮಧ್ಯದಲ್ಲಿ ಪೇಟೆಯಿಂದ ತಂದ ಗುಲಾಬಿ. (ಮಧ್ಯಾಹ್ನಕ್ಕೆ ಬಾಡಿ ಹೋಗಿತ್ತು.) ಹಿಂದೆ ಥರ್ಮಾಕೋಲಿನ 'ಸ್ವಾಗತ'. ಉಳಿದ ಮೇಜುಗಳಿಗೆ ಪ್ಲಾಸ್ಟಿಕ್ ರೋಲ್. ಈ ತುದಿಯಿಂದ ಆ ತುದಿಗೆ ಎಳೆದು, ಅಡಿಗೆ ಟೇಪು ಅಂಟಿಸುವುದು. ಒಂದು ಪಂಕ್ತಿ ಮುಗಿದ ಕೂಡಲೇ ಎಲೆ, ಅನ್ನ, ಎಲುಬು ಎಲ್ಲಾ ಅದರಲ್ಲೇ ಸುತ್ತಿ ಹಿತ್ತಿಲಿಗೆ ಎಸೆಯುವುದು, ಮತ್ತೆ ಹೊಸತು ಹಾಸುವುದು. ಒರೆಸುವ ಕೆಲಸವೇ ಇಲ್ಲ. ಅದು ಸುಲಭ ಹೌದು, ಸುಳ್ಳು ಹೇಳಬಾರದು.

ಆ ಗಂಟುಗಳು ಎರಡು ದಿನ ಅಲ್ಲೇ ಬಿದ್ದಿದ್ದವು. ಮೂರನೇ ದಿನ ಪಕ್ಕದ ಮನೆಯ ಅಕ್ಕನ ದನ ಹುಲ್ಲು ಮುಟ್ಟಲಿಲ್ಲ. ಹೊಟ್ಟೆ ಉಬ್ಬಿತ್ತು. ದನದ ಡಾಕ್ಟ್ರು ಬಂದು ಇಂಜೆಕ್ಷನ್ ಕೊಟ್ಟರೂ ಉಳಿಯಲಿಲ್ಲ. ಆಮೇಲೆ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಮುದ್ದೆ ಸಿಕ್ಕಿತು. ಅಕ್ಕ ಡೈರಿಗೆ ಹಾಲು ಹಾಕಿ ಮನೆ ನಡೆಸುವವರು. ಅವರು ನಮ್ಮ ಚರ್ಚಿನವರಲ್ಲ, ಆದರೆ ಹಬ್ಬಕ್ಕೆ ಬಾಳೆಲೆ ಕೊಟ್ಟದ್ದು ಅವರೇ. ಅಮ್ಮ ನೋಡಲಿಕ್ಕೆ ಹೋದಾಗ, "ಹೋಗ್ಲಿ ಬಾಯಮ್ಮ, ಯಾರೂ ಬೇಕೂಂತ ಮಾಡಿದ್ದಲ್ಲ" ಅಂದರು. ನಾನು ಅಮ್ಮನ ಹಿಂದೆಯೇ ನಿಂತಿದ್ದೆ. ಟೇಪು ಅಂಟಿಸಿದವರಲ್ಲಿ ನಾನೂ ಒಬ್ಬಳು.

ಕರ್ನಾಟಕ ಸರ್ಕಾರ 2016ರ ಮಾರ್ಚ್ ತಿಂಗಳಿನಲ್ಲೇ ಪ್ಲಾಸ್ಟಿಕ್ ನಿಷೇಧ ಮಾಡಿದೆ. ಆ ಪಟ್ಟಿಯಲ್ಲಿ ಚೀಲ, ತಟ್ಟೆ, ಲೋಟ ಮಾತ್ರ ಅಲ್ಲ, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯೂ ಇದೆ! ಅಲಂಕಾರದ ಥರ್ಮಾಕೋಲಿಗೆ 2022 ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧ. ಅಂಗಡಿಯಲ್ಲಿ ಸಿಗುತ್ತದೆ ಅಂತ ತರುವುದಾ?

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲು ಒಂಬತ್ತು ದಿನ ನಾವು ಮಕ್ಕಳು ತಟ್ಟೆಯಲ್ಲಿ ಹೂ ಹಿಡಿದು ಹೋಗುತ್ತೇವೆ. ಅಂಗಳದ ದಾಸವಾಳ, ಗುಡ್ಡೆಯ ಕಾಡುಹೂ, ಯಾವುದಾದರೂ ಸರಿ. ಹಬ್ಬದ ದಿನ ಮನೆಯಲ್ಲಿ ಹೊಸ ಅಕ್ಕಿಯ ಊಟ ಬಾಳೆಲೆಯಲ್ಲಿ. ಮಾತೆ ಮರಿಯಮ್ಮನಿಗೆ ನಮ್ಮ ಅಂಗಳದ ಹೂ ಆಗುತ್ತದೆ, ಅತಿಥಿಗಳಿಗೆ ಮಾತ್ರ ಆಗುವುದಿಲ್ಲವಾ?

ನನ್ನ ಅಭಿಪ್ರಾಯ ಇಷ್ಟೇ. ಎಲ್ಲಾ ಮೇಜಿಗೂ ಒಂದೇ ಶೃಂಗಾರ ಇರಲಿ. ತೆಂಗಿನ ಗೆರಟೆಯಲ್ಲಿ ನೀರು ಹಾಕಿ ಗೋರಟೆ, ದಾಸವಾಳ, ಕ್ರೋಟನ್ ಎಲೆ ಇಟ್ಟರೆ ಸಾಕು. ನಾನು ಹಿಂಗಾರವೂ ಬೇಕು ಅಂದಿದ್ದೆ. "ಹಿಂಗಾರ ಕೊಯ್ದರೆ ಅಡಿಕೆ ಎಲ್ಲಿಂದ ಬರ್ತದೆ?" ಅಂತ ಅಪ್ಪ ಬೈದರು. ಅದೂ ಸರಿ, ಹಿಂಗಾರ ಬೇಡ.

ಗುರಿಕಾರರ ಹತ್ತಿರ ಕೇಳಿದೆ. "ಪ್ಲಾಸ್ಟಿಕ್ ಹಾಕದಿದ್ದರೆ ಪ್ರತಿ ಪಂಕ್ತಿಗೂ ಮೇಜು ಒರೆಸುವುದು ಯಾರು, ನೀನಾ?" ಅಂದರು. ಹೌದು, ನಾನೇ ಅಂದೆ. ಈಗ ನಾವು 6 ಜನ ಆಗಿದ್ದೇವೆ. ಇನ್ನೂ 6 ಜನ ಬೇಕು. ಚರ್ಚಿನವರೇ ಆಗಬೇಕು ಅಂತ ಇಲ್ಲ, ಹುಡುಗರೂ ಬರಬಹುದು. ಹೆಸರು ಕೊಡುವವರು ಶುಕ್ರವಾರದ ಒಳಗೆ ಹೇಳಿ, ಭಾನುವಾರ ಹಬ್ಬದ ಮೀಟಿಂಗ್ ಉಂಟು. ಒರೆಸುವ ಬಟ್ಟೆ ಮನೆಯಿಂದಲೇ ತರಬೇಕು.