ಹಳೇ ಗಾಡಿಯ ಐಬು ಹೇಳಿಯೇ ಮಾರಬೇಕು

ಗಲ್ಫ್‌ನಲ್ಲಿ ನಮ್ಮವರು ಸೆಕೆಂಡ್‌ಹ್ಯಾಂಡ್ ಎಸ್‌ಯುವಿ ಕೊಳ್ಳುವಾಗ ಎಂಜಿನ್ ಶಬ್ದ ಕೇಳುತ್ತಾರೆ, ಎಸಿ ಹಾಕಿ ನೋಡುತ್ತಾರೆ. ರೇಡಿಯೇಟರ್ ಬಗ್ಗೆ ಕೇಳುವವರು ಕಡಿಮೆ. ನನ್ನ ಪ್ರಕಾರ ಕೆಲವು ಗಾಡಿಗಳಲ್ಲಿ ಮೊದಲು ಕೇಳಬೇಕಾದದ್ದೇ ಅದು.

2005ರಿಂದ 2010ರವರೆಗಿನ ನಿಸ್ಸಾನ್ ಪಾತ್‌ಫೈಂಡರ್ ನೋಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ತಣಿಸುವ ಕೂಲರ್ ಇರುವುದು ರೇಡಿಯೇಟರಿನ ಒಳಗೆ. ಅದು ಬಿರುಕು ಬಿಟ್ಟರೆ ಕೂಲೆಂಟ್ ಆಯಿಲಿಗೆ ಸೇರುತ್ತದೆ. ಆಯಿಲ್ ಸ್ಟ್ರಾಬೆರಿ ಮಿಲ್ಕ್‌ಶೇಕಿನ ಬಣ್ಣಕ್ಕೆ ತಿರುಗುತ್ತದೆ, ಕ್ಲಚ್ ಪ್ಲೇಟುಗಳ ಲೈನಿಂಗ್ ಕಿತ್ತುಬರುತ್ತದೆ. ಗಾಡಿ ನಡುಗತೊಡಗುವಷ್ಟರಲ್ಲಿ ಗೇರ್‌ಬಾಕ್ಸ್ ಹಾಳಾಗಿರುತ್ತದೆ.

ಅಮೆರಿಕದಲ್ಲಿ ಮಾಲೀಕರು ಕೋರ್ಟಿಗೆ ಹೋದರು, ಅಲ್ಲಿ ಕಂಪನಿ ಈ ಭಾಗದ ವಾರಂಟಿ ಹೆಚ್ಚಿಸಿತು. ಆದರೆ ವಾರಂಟಿಗೆ ವರ್ಷ, ಮೈಲಿಯ ಮಿತಿ ಇರುತ್ತದೆ. ಆ ಗಾಡಿಗಳಿಗೆ ಈಗ 15 ವರ್ಷ ದಾಟಿದೆ. ಇನ್ನು ನಷ್ಟವೆಲ್ಲ ಮೂರನೆಯ, ನಾಲ್ಕನೆಯ ಕೈಯಲ್ಲಿ ಕೊಂಡವನದು. ಮಂಜೇಶ್ವರ, ಕಾಸರಗೋಡಿನಿಂದ ಹೋಗಿ ಸಣ್ಣ ಸಂಬಳಕ್ಕೆ ದುಡಿಯುವವನ ಕೈಗೆಟಕುವುದು ಇಂಥ ಗಾಡಿಯೇ. ಗೇರ್‌ಬಾಕ್ಸ್ ಹೋದರೆ ಊರಿಗೆ ಕಳಿಸಬೇಕಾದ ದುಡ್ಡು ಗ್ಯಾರೇಜಿಗೆ ಹೋಗುತ್ತದೆ.

ಕೊಳ್ಳುವವರು ಗ್ಯಾರೇಜಿನಲ್ಲಿ ಗೇರ್ ಆಯಿಲ್ ತೆಗೆಸಿ ಬಣ್ಣ ನೋಡಿ. ಹಳೇ ರೇಡಿಯೇಟರ್ ಇದ್ದರೆ ಸೋರುವ ಮೊದಲೇ ಬದಲಿಸಿ, ಇಲ್ಲವೇ ಹೊರಗೆ ಬೇರೆ ಕೂಲರ್ ಹಾಕಿಸಿ. ಮಾರುವವನು ಸಂಬಂಧಿಕನೆಂದು ಸಂಕೋಚ ಬೇಡ.

ಮಾರುವವರಿಗೂ ಒಂದು ಮಾತು. ಐಬು ಮುಚ್ಚಿಟ್ಟು ಮಾರಬಾರದೆಂಬ ದೀನಿನ ಮಾತು ಆಡು, ಎತ್ತಿಗಷ್ಟೇ ಅಲ್ಲ, ಗೇರ್‌ಬಾಕ್ಸಿಗೂ ಸೇರಿದ್ದು. ರೇಡಿಯೇಟರ್ ಬದಲಿಸಿಲ್ಲವೆಂದು ಬಾಯಿಬಿಟ್ಟು ಹೇಳಿ. ಬೆಲೆ ಸ್ವಲ್ಪ ಇಳಿದೀತು, ಬಂದ ದುಡ್ಡಿನಲ್ಲಿ ಬರಕತ್ ಇದ್ದೀತು.