ಜಾಲತಾಣಕ್ಕೆ ಬರೆಯುವವರಿಗೂ ಬೇಕು ಪ್ರಬಂಧದ ತರಗತಿ

ಕಳೆದ ತಿಂಗಳು ನೆರೆಮನೆಯ ವೃದ್ಧೆಯೊಬ್ಬರು ಮುದ್ರಿತ ಹಾಳೆಯೊಂದನ್ನು ಹಿಡಿದು ಬಂದರು. ಕಚೇರಿಯೊಂದರ ಜಾಲತಾಣದಿಂದ ಅವರ ಮೊಮ್ಮಗ ತೆಗೆದುಕೊಟ್ಟಿದ್ದ ಪ್ರಕಟಣೆ ಅದು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಸುತ್ತೋಲೆಯನ್ವಯ’ ಎಂದು ಆರಂಭವಾದ ವಾಕ್ಯ ಹನ್ನೊಂದು ಸಾಲು ಹರಿದಿತ್ತು. ಅರ್ಜಿ ಸಲ್ಲಿಸುವ ಕೊನೆಯ ದಿನಾಂಕ ಒಂಬತ್ತನೆಯ ಸಾಲಿನಲ್ಲಿ ಅಡಗಿತ್ತು. ನಾನು ಹುಡುಕಿ ಹೇಳುವ ಹೊತ್ತಿಗೆ ಆ ದಿನ ಕಳೆದು ನಾಲ್ಕು ದಿನಗಳಾಗಿದ್ದವು. ‘ನನಗೆ ಓದಲು ಬರುತ್ತದೆ ಮೇಷ್ಟ್ರೇ, ಆದರೆ ಇದು ತಿಳಿಯಲಿಲ್ಲ’ ಎಂದರು ಆಕೆ. ಜೀವಮಾನವಿಡೀ ಕನ್ನಡ ಕಲಿಸಿದ ನನಗೆ ಆ ಮಾತು ಚುಚ್ಚಿತು. ಆ ವಾಕ್ಯ ಬರೆದವರೂ ನಮ್ಮಂಥ ಮೇಷ್ಟರ ಕೈಯಲ್ಲೇ ಕಲಿತವರಲ್ಲವೇ? ಪುಟ ತುಂಬಿಸಿದವನಿಗೆ ಎರಡಂಕ ಹೆಚ್ಚು ಕೊಟ್ಟವರು ನಾವೇ.

ಕಡತದ ಓದುಗ ಮೇಲಧಿಕಾರಿ. ಜಾಲತಾಣದ ಓದುಗ ಅಗತ್ಯವೊಂದನ್ನು ಹೊತ್ತು, ಮೊಬೈಲಿನ ಪುಟ್ಟ ಪರದೆಯಲ್ಲಿ ಕಣ್ಣಾಡಿಸುವವನು. ಈ ಅಂತರವನ್ನು ನೌಕರರಿಗೆ ಯಾರೂ ಕಲಿಸಿಲ್ಲ. ಒಬ್ಬ ನುರಿತ ಬರಹಗಾರನನ್ನು ನೇಮಿಸಿದರೆ ಸಾಕೆಂಬುದು ಕೆಲವರ ವಾದ. ನಾನು ಒಪ್ಪಲಾರೆ. ವಿಷಯ ಬಲ್ಲವರು ಲೆಕ್ಕಿಗರು, ಎಂಜಿನಿಯರುಗಳು, ಗುಮಾಸ್ತರು. ಅವರ ಮೊದಲ ಕರಡೇ ಗೊಂದಲವಾಗಿದ್ದರೆ ತಿದ್ದುವವನು ಅರ್ಥವನ್ನು ಊಹಿಸಬೇಕಾಗುತ್ತದೆ. ಅಮೆರಿಕದಲ್ಲಿ 2010ರ ಸರಳ ಬರವಣಿಗೆ ಕಾಯ್ದೆಯು, ಕೇಂದ್ರ ಸರ್ಕಾರದ ಸಂಸ್ಥೆಗಳು ತಮ್ಮ ನೌಕರರಿಗೆ ಇಂಥ ತರಬೇತಿ ನೀಡಬೇಕೆಂದೇ ವಿಧಿಸಿತು. ಬ್ರಿಟನ್ ಸರ್ಕಾರವು 2012ರಲ್ಲಿ ಆರಂಭಿಸಿದ ಗವ್.ಯುಕೆ ತಾಣದ ಕೈಪಿಡಿಯು, 25 ಪದಗಳನ್ನು ಮೀರಿದ ವಾಕ್ಯವನ್ನು ಒಡೆಯಬಹುದೇ ಎಂದು ಪರಿಶೀಲಿಸಲು ಹೇಳುತ್ತದೆ. ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು, ಕೇಳದೆಯೇ ಮಾಹಿತಿ ಪ್ರಕಟಿಸಬೇಕೆನ್ನುತ್ತದೆ. ಸ್ಥಳೀಯ ಭಾಷೆಯನ್ನೂ ಗಮನಿಸಬೇಕೆನ್ನುತ್ತದೆ. ಆದರೆ ಪ್ರಕಟಿಸಿದ ಮಾತ್ರಕ್ಕೆ ಮಾಹಿತಿ ತಲುಪಿತೆಂದಲ್ಲ.

ಕಲಿಸಬೇಕಾದ್ದು ಬಹಳವಿಲ್ಲ. ಪ್ರತಿಯೊಬ್ಬರೂ ತಾವೇ ಬರೆದ ಪ್ರಕಟಣೆಯೊಂದನ್ನು ತರಲಿ. ಯಾರಿಗೆ, ಏನು, ಯಾವಾಗಿನೊಳಗೆ ಎಂಬುದನ್ನು ಮೊದಲ ಸಾಲುಗಳಲ್ಲೇ ಬರೆಯಲಿ. ‘ಇಲ್ಲಿ ಒತ್ತಿ’ ಎನ್ನುವ ಬದಲು ಒತ್ತಿದರೆ ಏನು ಸಿಗುವುದೆಂದು ಹೇಳಲಿ. ಸಹಿ ಮಾಡಿದ ಹಾಳೆಯ ಚಿತ್ರವನ್ನಷ್ಟೇ ಏರಿಸದೆ ಯೂನಿಕೋಡ್ ಅಕ್ಷರಗಳಲ್ಲಿ ಬರೆಯಲಿ; ಅಂಧರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ಬೇಕಾದ್ದು ಅಕ್ಷರ, ಚಿತ್ರವಲ್ಲ. ಕೊನೆಗೆ ಹೊರಗಿನವರೊಬ್ಬರಿಗೆ ಓದಲು ಕೊಟ್ಟು, ‘ಈಗ ನೀವು ಏನು ಮಾಡುವಿರಿ?’ ಎಂದು ಕೇಳಲಿ. ಉತ್ತರ ತಪ್ಪಾದರೆ ತಪ್ಪು ಬರೆದವರದು. ಒಂದು ದಿನದ ಕಾರ್ಯಾಗಾರದಿಂದ ಇದು ಬಾರದು. ಪ್ರಬಂಧದ ನೋಟುಪುಸ್ತಕದಂತೆ ವಾರವಾರವೂ ತಿದ್ದಬೇಕು.

ಸರಳವಾದರೆ ಭಾಷೆಯ ಘನತೆ ಕುಂದೀತೆಂಬ ಅಂಜಿಕೆ ಬೇಡ. ಹನ್ನೆರಡನೆಯ ಶತಮಾನದಲ್ಲೇ ವಚನಕಾರರು ಜನರ ನುಡಿಯಲ್ಲಿ ಗಹನವಾದುದನ್ನು ಹೇಳಿದರು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಕಚೇರಿಗಳ ಮುಖ್ಯಸ್ಥರಾಗಿದ್ದೀರಿ. ಕರೆದರೆ ಕೆಂಪು ಶಾಯಿಯ ಪೆನ್ನಿನೊಡನೆ ಬರುತ್ತೇನೆ. ಸಂಭಾವನೆ ಬೇಡ, ಒಂದು ಲೋಟ ಕಾಫಿ ಸಾಕು.